ಅಕ್ಕ ಬಾರಿಸಿದ ಬಾಣಲೆ

ಪಿಟೀಲಿನ ಕಮಾನಿಗೆ ಹಚ್ಚುವ ರಾಳದ ವಾಸನೆ ಬಂದರೆ ಈಗಲೂ ಪರದೇಶದ ಸ್ಟ್ರೀಟ್ಸ್‌ವಿಲ್ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕನ ಯೂನಿವರ್ಸಿಟಿ ಬ್ಯಾಂಡಿನ ಪರೇಡು ನೋಡಲು ಹೋಗಿದ್ದೆವು. ಹತ್ತು ವರ್ಷ ಅವಳಿಗೆ ಪಿಟೀಲು ಕಲಿಸಿದ್ದ ಅಪ್ಪ ಇಸ್ತ್ರಿ ಶರ್ಟು ತೊಟ್ಟು ಎಲ್ಲರಿಗಿಂತ ಮುಂದೆ ನಿಂತಿದ್ದರು. ಅಕ್ಕ ಬಂದಳು, ಹಳದಿ ಹೆಲ್ಮೆಟ್ಟು ಹಾಕಿಕೊಂಡು, ನಮ್ಮ ಮನೆಯ ಬಾಣಲೆಯನ್ನು ಸೌಟಿನಿಂದ ಬಡಿಯುತ್ತ, ಬಾಯ್ತುಂಬ ನಗುತ್ತ. ಬ್ಯಾಂಡಿನಲ್ಲಿ ಒಬ್ಬರಿಗೂ ತಾಳವಿರಲಿಲ್ಲ.

"ತಮಗ ಬಾರ್ಸಲಿಕ್ಕೆ ಬರೂ ವಾದ್ಯ ಯಾರೂ ತರಬಾರದಂತರೀ. ಅದ ಅವರ ಹಳೀ ಪದ್ಧತಿಯಂತ," ಅಂದಳು ಅಮ್ಮ.

ಒಂದು ಸ್ವರ ತಪ್ಪಿದರೂ ಬೆರಳಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದ ಅಪ್ಪ ಈಗ ಬೈಯುತ್ತಾರೆಂದು ಕಾದೆ.

"ಮನ್ಯಾಗ ಇಕಿ ಯಾವಾಗರೆ ಹಿಂಗ ನಕ್ಕಾಳೇನು?" ಅಂದರು ಅಪ್ಪ.

ಮನೆಗೆ ಬಂದವರೇ ಅಪ್ಪ ಅಕ್ಕನ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಬೇಸ್‌ಮೆಂಟಿಗೆ ಒಯ್ದರು. ಅಕ್ಕನಿಗೆ ಶಿಕ್ಷೆಯೆಂದು ನಾನು ಅತ್ತೆ. ಶಿಕ್ಷೆಯಾದರೆ ಆ ಸ್ಕೇಲನ್ನೂ ಅದೇ ಪೆಟ್ಟಿಗೆಯೊಳಗೆ ಯಾಕಿಟ್ಟರೋ, ಗೊತ್ತಾಗಲಿಲ್ಲ.