ಅಳಿಯನ ಚಾಕು

ಹುಡುಗ ಬೆನ್ನುಚೀಲದಿಂದ ಚಾಕು ತೆಗೆದು ಅಪ್ಪನ ಕೈಗೆ ಕೊಟ್ಟಾಗ ಮಗಳು ಉಸಿರು ಬಿಗಿಹಿಡಿದು ಕುಳಿತಳು. ಡೇರೆ ಇನ್ನೂ ಎದ್ದಿರಲಿಲ್ಲ, ಒಲೆ ಹತ್ತಿರಲಿಲ್ಲ, ಹೊತ್ತು ಬೇರೆ ಇಳಿಯುತ್ತಿತ್ತು. ಅಪ್ಪನಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಅವರ ಅಳಿಯನಾಗಬೇಕೆನ್ನುವವನು ಮೊದಲು ಅವರ ಜೊತೆ ಬೆಟ್ಟ ಹತ್ತಿ ಬಿಡಾರ ಹೂಡಬೇಕು. ಬರುವಾಗ ತಾನೇ ಆರಿಸಿದ ಚಾಕು ತರಬೇಕು. ಕನ್ನಡಕದ ಅಂಗಡಿ ಇಟ್ಟುಕೊಂಡು ಜೀವಮಾನವೆಲ್ಲ ಗಿರಾಕಿಗಳ ಕಣ್ಣು ನೋಡಿದ ಮನುಷ್ಯ, ಗುಣ ನೋಡುವುದಕ್ಕೆ ಮಾತ್ರ ಚಾಕುವನ್ನೇ ನಂಬಿದ್ದರು. ಹಿಂದೆ ಬಂದಿದ್ದ ಹುಡುಗ, ಪಾಪ, ಮಡಚುವ ಚಾಕು ತಂದಿದ್ದ. "ಚಾಕು ಮಡಚಿ ಜೇಬಿಗೆ ಹಾಕ್ಕೊಳ್ಳೋನು ನಾಳೆ ಕೊಟ್ಟ ಮಾತನ್ನೂ ಮಡಚಿ ಹಾಕ್ಕೋತಾನೆ" ಎಂದು ಅಪ್ಪ ಬೆಟ್ಟ ಇಳಿಯುವ ಮೊದಲೇ ಆ ಸಂಬಂಧ ಮುರಿದಿದ್ದರು.

ಆಗ ಮಗಳಿಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಹಾಗಲ್ಲ, ಇವನನ್ನು ಅವಳೇ ಮೆಚ್ಚಿದ್ದಳು. ಇವನು ಲಿಫ್ಟ್ ರಿಪೇರಿಯವನು. ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋದಾಗ ಬಂದು, ತುಟಿ ಪಿಟಕ್ಕೆನ್ನದೆ ಬಾಗಿಲು ಬಿಡಿಸಿ, ಕೈಹಿಡಿದು ಅವಳನ್ನು ಮೇಲೆಳೆದುಕೊಂಡಿದ್ದ. ಅಪ್ಪನಾಗಿದ್ದರೆ ಮೊದಲು ಬಾಗಿಲಿನ ತಗಡು ಯಾವ ದರ್ಜೆಯದೆಂದು ವಿವರಿಸುತ್ತಿದ್ದರು.

ಅಪ್ಪ ಕನ್ನಡಕವನ್ನು ಹಣೆಗೇರಿಸಿ ಅಲಗನ್ನು ಬೆಳಕಿಗೆ ಹಿಡಿದರು.

"ಉಕ್ಕು ಹಿಡಿಯೊಳಗೆ ಎಲ್ಲೀವರೆಗೆ ಹೋಗಿದೆ?"

"ತುದೀವರೆಗೂ ಸರ್. ಎಲ್ಲಾ ಒಂದೇ ತುಂಡು. ಮರದ ಪಟ್ಟಿ ಬರೀ ಮೇಲೆ ಕೂರಿಸಿರೋದು."

"ನಿಮ್ಮದು ತುಕ್ಕು ಹಿಡಿಯುತ್ತೋ?"

"ಹಿಡಿಯುತ್ತೆ ಸರ್," ಎಂದ ಹುಡುಗ. "ತುಕ್ಕು ಹಿಡಿಯದಿರೋದನ್ನ ಮಸೆಯೋದು ಕಷ್ಟ. ಇದಕ್ಕೆ ಒಂದು ಕಲ್ಲಿದ್ರೆ ಸಾಕು. ದಿನಾ ಎಣ್ಣೆ ಹಚ್ಚಿಟ್ಟೇ ಮಲಗ್ತೀನಿ."

"ಯಾವ ಎಣ್ಣೆ?"

"ಹೊಲಿಗೆ ಮಿಷನ್ನಿಂದು ಸರ್."

ಅಪ್ಪನ ಮುಖ ಊರಗಲವಾಯಿತು. "ನಾನೂ ಅದೇ ಕಣಯ್ಯ ಹಚ್ಚೋದು" ಎಂದು ಸೊಂಟದ ಒರೆಯಿಂದ ತಮ್ಮ ಚಾಕುವನ್ನು ಎಳೆದರು. "ಬಾ ಇಲ್ಲಿ, ಹತ್ರ ಕೂತ್ಕೋ." 'ನೀವು' ಹೋಗಿ 'ನೀನು' ಬಂದದ್ದನ್ನು ಕೇಳಿ ಮಗಳಿಗೆ ಕುಣಿದಾಡುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಡೇರೆಯ ಜೊತೆ ಗುದ್ದಾಡುತ್ತಿದ್ದ ಅಮ್ಮ ಕೂಗಿದಳು. "ಏನ್ರೀ, ಈ ಹಗ್ಗ ಗಂಟುಬಿದ್ದಿದೆ. ಒಂಚೂರು ಕೊಯ್ದು ಕೊಡಿ."

"ನೈಲಾನ್ ಕಣೇ ಅದು. ಅಲಗಿನ ಬಾಯಿ ಹೋಗುತ್ತೆ."

"ಹೌದು ಆಂಟಿ," ಎಂದ ಹುಡುಗ ವಿನಯದಿಂದ. "ನೈಲಾನಿಗೆ ಅಂತ ಬೇರೆ ಚಾಕುನೇ ಬರುತ್ತೆ."

"ಹೋಗ್ಲಿ, ಸೌದೆನಾದ್ರೂ ಸೀಳಿ."

"ಗಂಟು ಸೌದೆ," ಎಂದರು ಅಪ್ಪ.

"ಗೀರು ಬೀಳುತ್ತೆ," ಎಂದ ಹುಡುಗ.

"ಟೊಮೆಟೊ?" ಎಂದು ಕೇಳಿದಳು ಮಗಳು, ತಮಾಷೆಗೆ.

"ಹುಳಿ," ಎಂದರು ಇಬ್ಬರೂ ಒಂದೇ ಉಸಿರಿಗೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದರು. ಮಗಳ ನಗು ಅರ್ಧಕ್ಕೇ ನಿಂತುಹೋಯಿತು. ಗಾಳಿ ಬೀಸಿ ಡೇರೆಯ ಬಟ್ಟೆ ಹಾರಿಹೋಗುವುದರಲ್ಲಿತ್ತು. ಗಂಡಸರಿಬ್ಬರೂ ದಡಬಡಿಸಿ ಎದ್ದರು, ಧೂಳು ಕೂರದಂತೆ ಚಾಕುಗಳನ್ನು ಒರೆಗೆ ಸೇರಿಸಿ ಮತ್ತೆ ಕುಳಿತರು.

ಅಮ್ಮ ಮತ್ತೆ ಕೇಳಲಿಲ್ಲ. ಪಾತ್ರೆಗಳ ಚೀಲದ ತಳಕ್ಕೆ ಕೈಹಾಕಿ ತರಕಾರಿ ಹೆಚ್ಚುವ ಚಾಕುವೊಂದನ್ನು ಹೊರಗೆ ತೆಗೆದಳು. ಹಿಡಿ ಬಿರುಕು ಬಿಟ್ಟು ದಾರ ಸುತ್ತಿಸಿಕೊಂಡಿತ್ತು, ಅಲಗು ಮಸೆದು ಮಸೆದು ಕಿರುಬೆರಳಿನಷ್ಟಾಗಿತ್ತು. ಅದರಲ್ಲೇ ಹಗ್ಗ ಕೊಯ್ದಳು. ಅದರಲ್ಲೇ ಸೌದೆಯ ಸಿಬಿರು ಎಬ್ಬಿಸಿ ಒಲೆ ಹಚ್ಚಿದಳು, ಅದನ್ನೇ ತೊಳೆದು ಟೊಮೆಟೊ ಹೆಚ್ಚಿ ಸೂಪು ಕುದಿಸಿದಳು. ಭಾವಿ ಮಾವ ಅಳಿಯಂದಿರು ಎರಡೆರಡು ಸಲ ಹಾಕಿಸಿಕೊಂಡು ಕುಡಿದರು.

ಹೊಟ್ಟೆ ತುಂಬಿದ ಮೇಲೆ ಅಪ್ಪ ತೀರ್ಪು ಕೊಟ್ಟರು. "ಇವನೇ ನನ್ನ ಅಳಿಯ. ಮದುವೆಗೆ ಮುಂಚೆ ತಗೊಂಡ ಚಾಕು ನಂದು, ಇವತ್ತಿಗೂ ಒಂದು ಗೀರಿಲ್ಲ. ನೋಡ್ತಾ ಇರು, ಇವನದಕ್ಕೂ ಬೀಳಲ್ಲ."

ಹುಡುಗ ನಾಚಿ ನೀರಾದ. ಎಣ್ಣೆಯ ಹೊತ್ತಾಯಿತೆಂದು ಇಬ್ಬರೂ ಟಾರ್ಚು ಹಿಡಿದುಕೊಂಡು ಬಂಡೆಯ ಆಚೆ ಹೋದರು. ಅಲ್ಲಿಂದ ಅವರ ಮಾತು ಕೇಳಿಸುತ್ತಲೇ ಇತ್ತು, ಉಕ್ಕು, ಒರೆ, ಮಸೆಗಲ್ಲು, ಮತ್ತೆ ಉಕ್ಕು. ಮಗಳು ಎಷ್ಟೋ ದಿನದಿಂದ ಬಾಯಿಬಿಟ್ಟುಕೊಂಡು ಕಾದಿದ್ದ ಒಪ್ಪಿಗೆ ಸಿಕ್ಕಿತ್ತು. ಅವಳಿಗೆ ಹುಡುಗನ ಮೇಲೆ ಪ್ರೀತಿ ಕಡಿಮೆಯಾಗಿರಲಿಲ್ಲ, ಆದರೆ ಭಯವಾಗುತ್ತಿತ್ತು.

"ಅಮ್ಮಾ, ಇವನು ಥೇಟ್ ಅಪ್ಪನ ಹಾಗೇ ಅಲ್ವಾ? ನಾನೇನ್ ಮಾಡ್ಲಿ?"

ಅಮ್ಮ ಚಾಕುವನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಹಿಡಿಯನ್ನು ಮಗಳ ಕಡೆ ಮಾಡಿ ಚಾಚಿದಳು.

"ನಿಮ್ಮಪ್ಪನ್ನ ಮೊದಲ ಸಲ ಮನೆಗೆ ಕರ್ಕೊಂಡು ಹೋದಾಗ ನಾನೂ ನಿಮ್ಮಜ್ಜಿನ ಇದೇ ಕೇಳಿದ್ದೆ. ಅವರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಇದನ್ನ ತಂದು ಕೈಗೆ ಕೊಟ್ರು."