ಅಂದು ರೊಟ್ಟಿ ಓರೆಯಾಗಿತ್ತು

ಹುಬ್ಬಳ್ಳಿಯಲ್ಲಿ ನನ್ನ ಗೆಳೆಯನೊಬ್ಬ ಬಟ್ಟೆ ವ್ಯಾಪಾರಿ. ನಮ್ಮಿಬ್ಬರಿಗೂ ಮಧ್ಯಾಹ್ನದ ಊಟ ಎಂದರೆ ನೀಲವ್ವನ ಖಾನಾವಳಿಯೇ...

ಜೋಳದ ರೊಟ್ಟಿಗೆ ಎರಡೂ ಕೈ ಬೇಕು. ಬಲಗೈ ಬಡಿಯಬೇಕು, ಎಡಗೈ ತಿರುಗಿಸಬೇಕು. ನೀಲವ್ವನ ರೊಟ್ಟಿ ಹನ್ನೆರಡು ವರ್ಷ ಒಂದೇ ಅಳತೆ, ಒಂದೇ ದುಂಡು!

ಕಳೆದ ವರ್ಷ ಆಕೆಗೆ ಕ್ಯಾನ್ಸರ್ ಬಂತು. ಆಪರೇಷನ್ ಆಗಿ ಕಿಮೋ ನಡೆಯುತ್ತಿತ್ತು. ಆದರೂ ಮೈ ಹಗುರಾದ ದಿನ ಒಲೆ ಮುಂದೆ ಹಾಜರ್.

ಒಂದು ಮಧ್ಯಾಹ್ನ ನಮ್ಮ ತಾಟಿಗೆ ಬಂದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದಿತ್ತು...

"ಏನ್ ನೀಲವ್ವಾ, ಇವತ್ತ ಕರ್ನಾಟಕದ ನಕಾಶಿ ಬಡದಿಯಲ್ಲ!" ಎಂದ ಗೆಳೆಯ.

ಊಟಕ್ಕೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ನೀಲವ್ವನೂ ನಕ್ಕಳು... ಆದರೆ ಬಾಯಿಯ ಒಂದು ಬದಿ ಮಾತ್ರ ಅಲುಗಿತು.

"ಎಡಗೈ... ಮಾತ್ ಕೇಳವಲ್ದರೀ ಅಣ್ಣಾರ..." ನಾಲಿಗೆ ತೊದಲುತ್ತಿತ್ತು.

"ಕಿಮೋದ ಸುಸ್ತು ಇರಬೇಕ ತಗೋ. ಒಂದೀಟ ಮಲ್ಕೋ, ಸರಿ ಹೊಕ್ಕೈತಿ" ಎಂದು ಗೆಳೆಯ ಬುದ್ಧಿ ಹೇಳಿದ.

ಅವನ ಕಾರು ಬಾಗಿಲಲ್ಲೇ ನಿಂತಿತ್ತು. ದೊಡ್ಡ ಆಸ್ಪತ್ರೆ ಹತ್ತೇ ನಿಮಿಷದ ದಾರಿ. ನಾವು ಕೈ ತೊಳೆದು ಕೆಲಸಕ್ಕೆ ಹೋದೆವು. ನೀಲವ್ವ ಮಲಗಿದಳು...

ಸಂಜೆ ಮಗಳು ಸುವರ್ಣಾ ಎಬ್ಬಿಸಲು ಹೋದಾಗ ಎಡಭಾಗ ಪೂರ್ತಿ ಸ್ವಾಧೀನ ತಪ್ಪಿತ್ತು.

ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಸುವರ್ಣಾಳಿಗೆ ಹೇಳುತ್ತಿದ್ದರು...

"ಕ್ಯಾನ್ಸರ್ ಇದ್ದವರಿಗೆ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ ಇರುತ್ತಮ್ಮ. ಹಾಗೆ ಹೆಪ್ಪುಗಟ್ಟಿ ಮೆದುಳಿನ ರಕ್ತನಾಳ ಮುಚ್ಚಿದೆ, ಸ್ಟ್ರೋಕ್ ಆಗಿದೆ. ಶುರುವಾದ ಕೂಡಲೇ ತಂದಿದ್ರೆ ಇಷ್ಟು ಹಾನಿ ತಪ್ಪಿಸೋಕೆ ಪ್ರಯತ್ನ ಮಾಡಬಹುದಿತ್ತು... ಆಗ ಯಾರೂ ನೋಡ್ಲಿಲ್ವಾ?"

ನೋಡಿದ್ದೆವು. ನೋಡಿ ನಕ್ಕಿದ್ದೆವು... ಇದನ್ನು ಸುವರ್ಣಾಳಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮೂರು ವಾರದ ನಂತರ ನೀಲವ್ವನ ಮನೆಗೆ ಹೋದೆವು. ಎಡಗೈ ಇನ್ನೂ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಗೆಳೆಯನನ್ನು ಕಂಡು ನೀಲವ್ವ ಒಂದೊಂದೇ ಪದ ಹೊರಡಿಸಿ ಕೇಳಿದಳು...

"ಅವತ್ತ... ರೊಟ್ಟಿ ಕೆಟ್ಟಿತ್ರೀ... ಉಪವಾಸ ಹೋದ್ರೇನ್ರೀ... ಅಣ್ಣಾರ?"

ಅವನು ಆ ಎಡಗೈ ಹಿಡಿದು ಅಲ್ಲೇ ನೆಲದ ಮೇಲೆ ಕೂತ.

"ಇಲ್ಲವ್ವಾ... ಹೊಟ್ಟಿ ತುಂಬ ಉಂಡ ಹೋದೆ. ನಿನ್ನ ಬಿಟ್ಟ ಹೋದೆ..."

ಅವನ ಹೆಗಲ ಮೇಲೆ ಕೈ ಇಡಲೂ ನನಗೆ ನಾಚಿಕೆಯಾಯಿತು.

*

ಒಮ್ಮೆಲೇ ಕೈ ಸೋತರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ... ಮಲಗಲು ಹೇಳಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ದಿನವೂ ನಿಮಗೆ ಉಣಬಡಿಸುವವರ ಮುಖವನ್ನು ಇವತ್ತು ಒಮ್ಮೆಯಾದರೂ ಸರಿಯಾಗಿ ನೋಡಿದಿರಾ?