ಒಲೆ ತಡ್ಕೊಳ್ಳಲ್ಲ

ಮುಟ್ಟಾದ ಹೆಂಗಸು ಮುಂದೆ ನಿಂತರೆ ಈಗಿನ ಒಲೆಗಳು ಹತ್ತುವುದಿಲ್ಲ; ಆ ಬುದ್ಧಿ ಇಟ್ಟೇ ಅವುಗಳನ್ನು ಮಾಡುತ್ತಾರೆ. ಗರ್ಭ ತಡೆಯುವ ಕಡ್ಡಿಯನ್ನು ತೋಳಿನೊಳಗೆ ಇಡಿಸಿಕೊಂಡ ಮೇಲೆ ವಾರಿಜಳಿಗೆ ದಿನವೂ ಹನಿಹನಿ ರಕ್ತ ಹೋಗುತ್ತಿತ್ತು. ಎರಡು ತಿಂಗಳಿಂದ ಅತ್ತೆಯೇ ಗೊಣಗುತ್ತ ಬೇಯಿಸುತ್ತಿದ್ದರು.

“ಕಡ್ಡಿ ತೆಗೆದುಬಿಡಿ, ಡಾಕ್ಟ್ರೇ.”

“ಇನ್ನೊಂದು ಹೆರಿಗೆ ಆದ್ರೆ ನೀವು ಉಳಿಯೋದು ಕಷ್ಟ ಅಂತ ಹೇಳಿದ್ನಲ್ಲಮ್ಮ. ಈ ರಕ್ತದಿಂದ ಅಪಾಯ ಏನಿಲ್ಲ. ಒಂದಷ್ಟು ದಿನ ತಡ್ಕೊಳ್ಳಿ.”

“ನಾನು ತಡ್ಕೋತೀನಿ. ಒಲೆ ತಡ್ಕೊಳ್ಳಲ್ವಲ್ಲ.”

ಕಡ್ಡಿ ತೆಗೆಸಿದ ವಾರದೊಳಗೆ ರಕ್ತ ನಿಂತಿತು. ವಾರಿಜ ಕೈ ಚಾಚಿದೊಡನೆ ಒಲೆ ಹತ್ತಿತು.

“ಸದ್ಯ, ಸರಿಹೋಯ್ತಲ್ಲ,” ಎಂದು ಅತ್ತೆ ಹಾಲಿನ ಪಾತ್ರೆ ತಂದಿಟ್ಟರು. ಗಂಡ ಎಷ್ಟೋ ದಿನದ ಮೇಲೆ ಅವಳನ್ನು ನೋಡಿ ನಕ್ಕ. ಒಳಕೋಣೆಗೆ ಹೋಗಿ ಹಾಸಿಗೆ ಕೊಡವಿದ.

ವಾರಿಜ ಹಾಲು ಉಕ್ಕುವುದನ್ನೇ ನೋಡುತ್ತ ನಿಂತಳು. ಒಲೆಗೆ ಕೊಟ್ಟ ಬುದ್ಧಿಯನ್ನು ಮಂಚಕ್ಕೆ ಯಾರೂ ಕೊಟ್ಟಿರಲಿಲ್ಲ.